ಮಿಷನ್ನು ಸ್ಟಾರ್ಟ್ ಆಗದಿದ್ದರೂ ಸಂಘ ನಿಲ್ಲಬಾರದು

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಹಾಗೂ ಎಚ್.ಡಿ.ಕೋಟೆ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಗಿನ ಕೆಲಸ ಮುಗಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ದನಕ್ಕೆ ಹುಲ್ಲು ಹಾಕಿ, ಎರಡೆರಡು ಬಸ್ಸು ಹಿಡಿದು ಬಂದಿದ್ದೀರಿ. ಉಳಿತಾಯ, ಸಾಲ, ಮರುಪಾವತಿ, ಆರೋಗ್ಯ ಇವುಗಳ ಬಗ್ಗೆ ನಾವು ಬೇಕಾದಷ್ಟು ಸಭೆ ಮಾಡಿದ್ದೇವೆ. ಇವತ್ತಿನ ವಿಷಯ ಸ್ವಲ್ಪ ಬೇರೆ. ಎಂಜಿನ್ನಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇವೆ. ನೀವು ನಗುತ್ತಿದ್ದೀರಿ. ‘ಸಿಸ್ಟರಿಗೆ ಯಾಕೆ ಮೆಕ್ಯಾನಿಕ್ ಕೆಲಸ’ ಅಂತ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ನಮಗೂ ಕೇಳಿಸಿತು. ಯಾಕೆ ಅನ್ನುವುದನ್ನು ಮೊದಲು ಹೇಳುತ್ತೇವೆ.

ಒಂದು ಸಂಘದಲ್ಲಿ ನಡೆದದ್ದು

ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿಯ ಸಂಘದವರು ಸಬ್ಸಿಡಿ ಸ್ವಲ್ಪ, ಬ್ಯಾಂಕಿನ ಸಾಲ ಸ್ವಲ್ಪ, ತಮ್ಮ ಉಳಿತಾಯ ಸ್ವಲ್ಪ ಸೇರಿಸಿ ಒಂದು ಪವರ್ ವೀಡರ್ ತಂದರು. ಅದೇ, ನೀವು ಕಳೆ ಮಿಷನ್ನು ಅನ್ನುತ್ತೀರಲ್ಲ, ಅದು. ಮೊದಲ ವರ್ಷ ತಂಬಾಕಿನ ಸಾಲಿಗೆ, ಮುಸುಕಿನ ಜೋಳದ ಸಾಲಿಗೆ ಚೆನ್ನಾಗಿ ಬಾಡಿಗೆ ಬಂತು. ಕಂತು ತಪ್ಪಲಿಲ್ಲ. ಓಡಿಸುವುದನ್ನು ಕಲಿತವಳು ಸಂಘದ ಒಬ್ಬ ಚಿಕ್ಕ ವಯಸ್ಸಿನ ತಾಯಿ. ಗಂಡ ತೀರಿಹೋಗಿದ್ದ, ಎರಡು ಮಕ್ಕಳು. ಬಾಡಿಗೆಯಲ್ಲಿ ಅವಳಿಗೆ ದಿನದ ಕೂಲಿ ಸಿಗುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಮಿಷನ್ನನ್ನು ದನದ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದರು. ಮುಂದಿನ ಮುಂಗಾರಿನಲ್ಲಿ ಕಳೆ ಬಂದಾಗ ಹೊರಗೆ ತೆಗೆದು ಹಗ್ಗ ಎಳೆದರೆ, ಸ್ಟಾರ್ಟ್ ಆಗಲಿಲ್ಲ. ಅಧ್ಯಕ್ಷೆ ಎಳೆದರು, ಅವರ ಮಗ ಎಳೆದ, ದಾರಿಯಲ್ಲಿ ಹೋಗುತ್ತಿದ್ದವರೆಲ್ಲ ಒಂದೊಂದು ಕೈ ನೋಡಿದರು. ‘ಎಳ್ದು ಎಳ್ದು ತೋಳು ಬಿದ್ದೋಯ್ತು ಸಿಸ್ಟರ್’ ಅಂತ ಆಮೇಲೆ ನಮಗೆ ಹೇಳಿದರು. ಪೇಟೆಯಿಂದ ಒಬ್ಬ ಮೆಕ್ಯಾನಿಕ್ ಬಂದ. ಕಾರ್ಬೊರೇಟರ್ ಹೋಗಿದೆ ಅಂದ, ಹೊಸದು ಹಾಕಿದ, 1,850 ರೂಪಾಯಿ ತೆಗೆದುಕೊಂಡ. ಎರಡು ದಿನ ಓಡಿತು, ಮೂರನೇ ದಿನ ಮತ್ತೆ ನಿಂತಿತು.

ಅಷ್ಟರಲ್ಲಿ ಹೊಲದಲ್ಲಿ ಕಳೆ ಮೊಣಕಾಲುದ್ದ. ಮುಂಗಡ ಕೊಟ್ಟವರು ಬಂದು ಜಗಳ ಆಡಿದರು. ಕಂತಿನ ದಿನ ಹತ್ತಿರ ಬಂತು. ಸಂಘದ ಸಭೆಯಲ್ಲಿ ಯಾರೋ ಒಬ್ಬರು, ‘ಇವಳು ಕೈ ಇಟ್ಟ ಮೇಲೇನೇ ಕೆಟ್ಟಿದ್ದು’ ಅಂದುಬಿಟ್ಟರು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಆ ಮಾತು ಎಲ್ಲಿ ಚುಚ್ಚುತ್ತದೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಅವಳು ಮೂರು ವಾರ ಸಭೆಗೆ ಬರಲಿಲ್ಲ. ಉಳಿತಾಯದ ಪಾಸ್ ಪುಸ್ತಕವನ್ನು ಮಗುವಿನ ಕೈಯಲ್ಲಿ ವಾಪಸ್ ಕಳಿಸಿದಳು.

ಆಗ ನಮಗೆ ಸುದ್ದಿ ಬಂತು. ನಮ್ಮ ಕಾರ್ಯಕರ್ತೆಯರ ಜೊತೆ, ಎಂಜಿನ್ ಕೆಲಸ ಗೊತ್ತಿದ್ದ ಒಬ್ಬರನ್ನು ಕರೆದುಕೊಂಡು ಹೋದೆವು. ಆ ತಾಯಿಯ ಮನೆಗೆ ಹೋಗಿ, ‘ಬಾರಮ್ಮ, ನೀನೇ ಬಿಚ್ಚಬೇಕು’ ಅಂದೆವು. ಬರಲ್ಲ ಅಂದಳು. ಅರ್ಧ ಗಂಟೆ ಕೂತೆವು. ಬಂದಳು.

ಬಿಚ್ಚಿದಾಗ ಕಂಡದ್ದೇನು? ಟ್ಯಾಂಕಿನಲ್ಲಿ ಜನವರಿಯ ಪೆಟ್ರೋಲು, ಅದರ ಮೇಲೆಯೇ ಹೊಸದನ್ನು ಸುರಿದಿದ್ದರು. ಗಾಜಿನ ಬಾಟಲಿಗೆ ಹಿಡಿದು ಇಟ್ಟಾಗ ತಳದಲ್ಲಿ ನೀರಿನ ಪದರ ಬೇರೆಯಾಗಿ ಕಂಡಿತು. ಏರ್ ಫಿಲ್ಟರಿನಲ್ಲಿ ಕೆಂಪು ಮಣ್ಣು ಕಟ್ಟಿತ್ತು. ಪ್ಲಗ್ಗಿನ ಮೂತಿ ಮಸಿ ಹಿಡಿದಿತ್ತು. ಹೊಸ ಕಾರ್ಬೊರೇಟರ್ ಹಾಕಿದವನು ಟ್ಯಾಂಕನ್ನು ತೊಳೆದಿರಲಿಲ್ಲ, ಹಾಗಾಗಿ ಅದೇ ನೀರು ಹೊಸದಕ್ಕೂ ಇಳಿದಿತ್ತು. ಎಲ್ಲ ಸರಿ ಮಾಡಲು 40 ನಿಮಿಷ ಸಾಕಾಯಿತು. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ. ಮೂರನೇ ಎಳೆತಕ್ಕೆ ಸ್ಟಾರ್ಟ್ ಆಯಿತು, ಅವಳ ಕೈಯಲ್ಲಿಯೇ.

ಮಿಷನ್ನು 40 ನಿಮಿಷದಲ್ಲಿ ರಿಪೇರಿ ಆಯಿತು. ಮನಸ್ಸು ರಿಪೇರಿ ಆಗಲು ಆ ಮುಂಗಾರು ಪೂರ್ತಿ ಬೇಕಾಯಿತು.

ಇದರಲ್ಲಿ ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಸಾಲದ ಅರ್ಜಿ ಹೇಗೆ ಬರೆಯಬೇಕು, ಕ್ಯಾಶ್ ಬುಕ್ ಹೇಗೆ ಇಡಬೇಕು ಅಂತ ನಾವು ಎಷ್ಟೋ ತರಬೇತಿ ಕೊಟ್ಟೆವು. ಆದರೆ ಮಿಷನ್ನು ಬಂದ ದಿನ ಒಂದು ಗಂಟೆ ಓಡಿಸಿ ತೋರಿಸಿದ್ದೇ ತರಬೇತಿ ಅಂದುಕೊಂಡೆವು. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಅದನ್ನು ನಿಮಗೆ ಕನ್ನಡದಲ್ಲಿ ಹೇಳುವ ಕೆಲಸ ನಮ್ಮದಾಗಿತ್ತು. ನಾವು ಮಾಡಲಿಲ್ಲ. ಸಮಾಜಕಾರ್ಯದ ಓದಿನಲ್ಲಿ ಗುಂಪು ಹೇಗೆ ಕಟ್ಟಬೇಕು ಅಂತ ಕಲಿತಿದ್ದೆವು, ಆದರೆ ಒಂದು ಪ್ಲಗ್ಗಿನಿಂದ ಗುಂಪು ಒಡೆಯಬಹುದು ಅನ್ನುವುದನ್ನು ಆ ಹಳ್ಳಿಯಲ್ಲಿ ಕಲಿತೆವು.

ಮಿಷನ್ನು ಹೆಂಗಸರ ಕೈಗೆ ಬಂದಿದೆ

ಸಂಘಗಳಿಗೆ ಬ್ಯಾಂಕ್ ಜೋಡಣೆಯನ್ನು ನಬಾರ್ಡ್ 1992ರಲ್ಲಿ ಶುರು ಮಾಡಿತು. ನಮ್ಮ ರಾಜ್ಯದಲ್ಲಿ ಸ್ತ್ರೀ ಶಕ್ತಿ ಯೋಜನೆ 2000ದಲ್ಲಿ ಬಂತು. ಆಗ ಸಂಘ ಅಂದರೆ ಹಸು, ಕುರಿ, ಹೊಲಿಗೆ ಯಂತ್ರ, ಹಪ್ಪಳ, ಉಪ್ಪಿನಕಾಯಿ. ಈಗ ಹಾಗಿಲ್ಲ. 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳು ಬಂದು, ಯಂತ್ರವನ್ನು ಬಾಡಿಗೆಗೆ ಪಡೆಯುವುದು ನಮ್ಮ ರೈತರಿಗೆ ರೂಢಿಯಾಯಿತು. 2023ರಲ್ಲಿ ಕೇಂದ್ರ ಸರ್ಕಾರ 15,000 ಮಹಿಳಾ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮುಯ್ಯಾಳು ಪದ್ಧತಿ ಕಡಿಮೆಯಾಯಿತು, ಕಳೆ ಕೀಳಲು ಕೂಲಿಯವರು ಸಿಗುವುದು ಕಷ್ಟವಾಯಿತು. ಹಾಗಾಗಿ ಕಳೆ ಮಿಷನ್ನು, ಹುಲ್ಲು ಹೊಡೆಯುವ ಮಿಷನ್ನು, ಟಿಲ್ಲರು ನಮ್ಮ ಸಂಘಗಳ ಬಾಗಿಲಿಗೂ ಬಂದಿವೆ.

ಮೈಸೂರಿನವರಿಗೆ ಎಂಜಿನ್ನು ಹೊಸದಲ್ಲ. ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕು ತಯಾರಾಗುತ್ತಿತ್ತು. ಊರಲ್ಲಿ ಯಜಮಾನರು ಚಳಿಯಲ್ಲಿ ಗಾಡಿಗೆ ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ನೋಡಿದ್ದೀರಿ. ನೋಡಿದ್ದಷ್ಟೇ, ಬಿಚ್ಚಲು ನಮ್ಮನ್ನು ಯಾರೂ ಕರೆಯಲಿಲ್ಲ.

ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಗೊರಸು ನೋಡುತ್ತೇವೆ. ಎತ್ತು ಮೇವು ಬಿಟ್ಟರೆ ಮೊದಲು ಬಾಯಿ, ಆಮೇಲೆ ಹೊಟ್ಟೆ ಅಂತ ಒಂದು ಕ್ರಮದಲ್ಲಿ ನೋಡುತ್ತೇವೆ. ಅದೇ ಕ್ರಮ ಮಿಷನ್ನಿಗೂ ಬೇಕು.

ಎಂಜಿನ್ನಿಗೆ ಬೇಕಾದದ್ದು ನಾಲ್ಕೇ

ಸೌದೆ ಒಲೆ ಹತ್ತಿಸಲು ಏನು ಬೇಕು? ಸೌದೆ ಬೇಕು, ಗಾಳಿ ಬೇಕು, ಬೆಂಕಿಕಡ್ಡಿ ಬೇಕು. ಎಂಜಿನ್ನಿಗೂ ಅಷ್ಟೇ. ಪೆಟ್ರೋಲು ಅದರ ಸೌದೆ. ಏರ್ ಫಿಲ್ಟರಿನಿಂದ ಬರುವುದು ಗಾಳಿ. ಪ್ಲಗ್ಗಿನ ಕಿಡಿಯೇ ಬೆಂಕಿಕಡ್ಡಿ. ನಾಲ್ಕನೆಯದು ಒತ್ತಡ. ಪಿಸ್ಟನ್ನು ಮೇಲೆ ಬಂದು ಪೆಟ್ರೋಲು-ಗಾಳಿಯ ಮಿಶ್ರಣವನ್ನು ಅದುಮಬೇಕು, ಆಮೇಲೆ ಕಿಡಿ ಬೀಳಬೇಕು. ಹಗ್ಗ ಎಳೆಯುವಾಗ ಕೈಗೆ ಬಿಗಿಯಾಗಿ ಸಿಗುತ್ತದಲ್ಲ, ಅದೇ ಆ ಒತ್ತಡ.

ಮಿಷನ್ನು ಸ್ಟಾರ್ಟ್ ಆಗಲಿಲ್ಲ ಅಂದರೆ ಈ ನಾಲ್ಕರಲ್ಲಿ ಒಂದು ಇಲ್ಲ ಅಂತ ಅರ್ಥ. ಯಾವುದು ಇಲ್ಲ ಅಂತ ಹುಡುಕುವುದೇ ಕೆಲಸ. ಹಗ್ಗವನ್ನು ಇನ್ನೂ ಜೋರಾಗಿ ಎಳೆದರೆ ಇಲ್ಲದ್ದು ಬರುವುದಿಲ್ಲ.

ಮೊದಲು ಸ್ಪ್ಯಾನರ್ ಮುಟ್ಟದೆ ನೋಡುವ ಐದು

ಮಿಷನ್ನನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಗೇರ್ ನ್ಯೂಟ್ರಲ್‌ಗೆ ಹಾಕಿ. ಹಲ್ಲುಗಳ ಹತ್ತಿರ ಕಾಲು ಇಡಬೇಡಿ. ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ಕಾಲಿಗೆ ಬೂಟು ಹಾಕಿ. ಬೀಡಿ ಸೇದುವವರನ್ನು ದೂರ ಕಳಿಸಿ. ಆಮೇಲೆ ನೋಡಿ.

1. ಸ್ವಿಚ್ಚು ಆನ್ ಇದೆಯಾ? ನಗಬೇಡಿ. ಮಕ್ಕಳು ಆಟಕ್ಕೆ ಆಫ್ ಮಾಡಿರುತ್ತಾರೆ, ನಾವು ಅರ್ಧ ದಿನ ಹಗ್ಗ ಎಳೆಯುತ್ತೇವೆ.

2. ಪೆಟ್ರೋಲ್ ಕಾಕ್ ತೆರೆದಿದೆಯಾ? ಟ್ಯಾಂಕ್ ತುಂಬಿದ್ದರೂ ಕಾಕ್ ಮುಚ್ಚಿದ್ದರೆ ಕೆಳಗೆ ಏನೂ ಇಳಿಯುವುದಿಲ್ಲ.

3. ಪೆಟ್ರೋಲು ಹೊಸದಾ? ಒಂದು ತಿಂಗಳಿಗಿಂತ ಹಳೆಯದಾಗಿದ್ದರೆ ಅನುಮಾನ ಪಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ನಾವೇ ಬೆಳೆಯುವ ಕಬ್ಬು, ಮುಸುಕಿನ ಜೋಳದಿಂದಲೇ ಅದನ್ನು ಮಾಡುತ್ತಾರೆ. ಎಥನಾಲಿಗೆ ನೀರನ್ನು ಹೀರುವ ಗುಣ ಇದೆ. ಉಪ್ಪಿನ ಡಬ್ಬಿಯ ಮುಚ್ಚಳ ಮಳೆಗಾಲದಲ್ಲಿ ತೆರೆದಿಟ್ಟರೆ ಏನಾಗುತ್ತದೆ? ಹಾಗೆಯೇ. ನೀರು ಹೆಚ್ಚಾದರೆ ಎಥನಾಲೂ ನೀರೂ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಕೂರುತ್ತವೆ. ಎಂಜಿನ್ನಿಗೆ ಪೆಟ್ರೋಲು ಹೋಗುವುದು ತಳದಿಂದಲೇ. ಅನುಮಾನ ಬಂದರೆ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. ಹಳೆಯದರ ಮೇಲೆ ಹೊಸದು ಸುರಿಯಬೇಡಿ. ಕೆಟ್ಟ ಹಾಲಿಗೆ ಒಳ್ಳೆ ಹಾಲು ಬೆರೆಸಿದರೆ ಎರಡೂ ಕೆಡುತ್ತದೆ.

4. ಎಂಜಿನ್ ಆಯಿಲ್ ಎಷ್ಟಿದೆ? ಅಳತೆ ಕಡ್ಡಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಟ್ಟು ನೋಡಿ. ಕೆಲವು ಎಂಜಿನ್ನುಗಳಲ್ಲಿ ಆಯಿಲ್ ಕಡಿಮೆಯಾದರೆ ಕಿಡಿಯೇ ಬರದಂತೆ ತಡೆಯುವ ಏರ್ಪಾಡು ಇರುತ್ತದೆ. ಅದು ಎಂಜಿನ್ ಸುಟ್ಟುಹೋಗದಿರಲಿ ಅಂತ ಮಾಡಿದ್ದು. ಇಳಿಜಾರಿನಲ್ಲಿ ನಿಲ್ಲಿಸಿದ್ದರೂ ಹಾಗೆ ಆಗಬಹುದು, ಅದಕ್ಕೇ ಸಮತಟ್ಟು ಜಾಗ ಅಂದದ್ದು.

5. ಚೋಕ್ ಎಲ್ಲಿದೆ? ತಣ್ಣಗಿನ ಎಂಜಿನ್ನಿಗೆ ಚೋಕ್ ಹಾಕಬೇಕು. ಸ್ಟಾರ್ಟ್ ಆದ ಮೇಲೆ ನಿಧಾನವಾಗಿ ತೆಗೆಯಬೇಕು. ಊಟಕ್ಕೆ ನಿಲ್ಲಿಸಿ ಬಂದಾಗ ಎಂಜಿನ್ ಇನ್ನೂ ಬಿಸಿ ಇದ್ದರೆ ಚೋಕ್ ಬೇಡ. ಬಿಸಿ ಎಂಜಿನ್ನಿಗೆ ಚೋಕ್ ಹಾಕಿ ಎಳೆದರೆ ಪೆಟ್ರೋಲು ಹೆಚ್ಚಾಗಿ ಪ್ಲಗ್ ನೆನೆದುಹೋಗುತ್ತದೆ. ಹಸಿ ಸೌದೆಗೆ ಬೆಂಕಿಕಡ್ಡಿ ಗೀರಿದ ಹಾಗೆ.

ಹಗ್ಗ ಎಳೆಯುವುದಕ್ಕೂ ಒಂದು ರೀತಿ ಇದೆ. ಮೊದಲು ನಿಧಾನವಾಗಿ ಎಳೆದು, ಬಿಗಿ ಸಿಕ್ಕ ಜಾಗದಲ್ಲಿ ನಿಲ್ಲಿಸಿ, ಹಗ್ಗವನ್ನು ಒಳಕ್ಕೆ ಬಿಟ್ಟು, ಆಮೇಲೆ ಒಂದೇ ಸಲ ಜೋರಾಗಿ ಎಳೆಯಬೇಕು. ಎಳೆದ ಮೇಲೆ ಹಿಡಿಯನ್ನು ಕೈಬಿಟ್ಟು ಪಟ್ಟನೆ ಹೊಡೆಯಲು ಬಿಡಬೇಡಿ, ಕೈಯಲ್ಲೇ ಹಿಡಿದು ಒಳಗೆ ಕಳಿಸಿ. ಹತ್ತು ಸಲ ಎಳೆದೂ ಆಗದಿದ್ದರೆ ನಿಲ್ಲಿಸಿ. ಹನ್ನೊಂದನೆಯ ಸಲ ಎಳೆಯುವುದು ಬೇಡ, ಯೋಚಿಸುವುದು ಬೇಕು.

ಒಂದು ಪ್ಲಗ್ ಸ್ಪ್ಯಾನರಿನಿಂದ ಮಾಡುವ ಮೂರು

ಏರ್ ಫಿಲ್ಟರ್: ನಮ್ಮ ಹುಣಸೂರು, ಕೋಟೆ ಕಡೆಯ ಕೆಂಪು ಮಣ್ಣಿನ ಧೂಳಿಗೆ ಇದು ಬೇಗ ಕಟ್ಟಿಕೊಳ್ಳುತ್ತದೆ. ಸಾಮಾನ್ಯವಾಗಿ 50 ಗಂಟೆಗೆ ಒಮ್ಮೆ ಶುಚಿ ಮಾಡಿ ಅನ್ನುತ್ತಾರೆ. ಧೂಳಿನ ಹೊಲದಲ್ಲಿ ಓಡಿಸಿದರೆ ದಿನಾ ನೋಡಿ. ಸ್ಪಂಜಿನ ಫಿಲ್ಟರಾದರೆ ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ ಹಾಕಬೇಕು. ಕಾಗದದ ಫಿಲ್ಟರಾದರೆ ತೊಳೆಯಬಾರದು, ನಿಧಾನವಾಗಿ ತಟ್ಟಿ ಧೂಳು ಉದುರಿಸಬೇಕು. ಆಯಿಲ್ ಬಟ್ಟಲಿನ ಫಿಲ್ಟರಾದರೆ ಕೆಸರಾದ ಆಯಿಲ್ ಚೆಲ್ಲಿ, ಗೆರೆಯವರೆಗೆ ಹೊಸದು ಹಾಕಬೇಕು. ಯಾವುದನ್ನೂ ಪೆಟ್ರೋಲಿನಲ್ಲಿ ತೊಳೆಯಬೇಡಿ. ಫಿಲ್ಟರ್ ತೆಗೆದಿಟ್ಟು ಓಡಿಸಲೂ ಬೇಡಿ. ಮಣ್ಣು ಒಳಗೆ ಹೋದರೆ ಎಂಜಿನ್ ಸವೆದು ಒತ್ತಡವೇ ಹೋಗುತ್ತದೆ. ಅದು ದೊಡ್ಡ ಖರ್ಚು.

ಪ್ಲಗ್: ಪ್ಲಗ್ ನಮ್ಮ ಜೊತೆ ಮಾತಾಡುತ್ತದೆ. ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ ಮೂತಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಒಣ ಮಸಿ ಇದ್ದರೆ ಗಾಳಿ ಸಾಲುತ್ತಿಲ್ಲ, ಫಿಲ್ಟರ್ ನೋಡಿ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಆದರೆ ಕಿಡಿ ಇಲ್ಲ ಅಥವಾ ಚೋಕ್ ಹೆಚ್ಚಾಗಿದೆ. ಹತ್ತು ಸಲ ಎಳೆದ ಮೇಲೂ ಪೂರ್ತಿ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಈ ಒಂದು ನೋಟದಲ್ಲಿ ಅರ್ಧ ರೋಗ ಗೊತ್ತಾಗುತ್ತದೆ.

ಮಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಮೂತಿಯ ಸಂದು ಇಂಥ ಎಂಜಿನ್ನುಗಳಲ್ಲಿ ಹೆಚ್ಚಾಗಿ 0.7ರಿಂದ 0.8 ಮಿಲಿಮೀಟರ್ ಇರಬೇಕು, ನಿಮ್ಮ ಮಿಷನ್ನಿನ ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅದೇ ಲೆಕ್ಕ. ಪ್ಲಗ್ ನೆನೆದಿದ್ದರೆ ಒರೆಸಿ ಒಣಗಿಸಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಇಲ್ಲದೆ ನಾಲ್ಕೈದು ಸಲ ಹಗ್ಗ ಎಳೆದರೆ ಒಳಗಿನ ಹೆಚ್ಚಿನ ಪೆಟ್ರೋಲು ಹೊರಗೆ ಬರುತ್ತದೆ. ಆಗ ಮುಖ ದೂರ ಇರಲಿ. ಚೆಲ್ಲಿದ್ದನ್ನು ಒರೆಸಿ, ಆರಿದ ಮೇಲೆ ಪ್ಲಗ್ ಹಾಕಿ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಸ್ಪ್ಯಾನರಿನಲ್ಲಿ ಬಿಗಿ ಮಾಡಿ. ಅಡ್ಡಡ್ಡ ಕೂತರೆ ಮರೆ ಹಾಳಾಗುತ್ತದೆ. ಒಂದು ಹೊಸ ಪ್ಲಗ್ ಯಾವಾಗಲೂ ಸಂಘದ ಪೆಟ್ಟಿಗೆಯಲ್ಲಿ ಇರಲಿ. ಹೊಸದು ಹಾಕಿ ನೋಡಿದರೆ ಅನುಮಾನ ಅಲ್ಲೇ ಮುಗಿಯುತ್ತದೆ.

ಕಾರ್ಬೊರೇಟರಿನ ಬಟ್ಟಲು: ಕಾರ್ಬೊರೇಟರಿನ ಕೆಳಗೆ ಒಂದು ಸಣ್ಣ ಬಟ್ಟಲು, ಅದರಲ್ಲಿ ಒಂದು ತಿರುಪು ಇರುತ್ತದೆ. ಕೆಳಗೆ ಡಬ್ಬ ಹಿಡಿದು ತಿರುಪು ಸಡಿಲಿಸಿ. ಪೆಟ್ರೋಲು ಧಾರಾಳವಾಗಿ ಬಂದರೆ ದಾರಿ ಸರಿ ಇದೆ. ನೀರು, ಕಸ ಬಂದರೆ ಶುದ್ಧ ಪೆಟ್ರೋಲು ಬರುವ ತನಕ ಬಿಡಿ. ಏನೂ ಬಾರದಿದ್ದರೆ ಮೇಲಿನ ಕಾಕ್‌ನಲ್ಲಿರುವ ಜಾಲರಿ ಕಟ್ಟಿದೆ, ಅದನ್ನು ತೊಳೆಯಿರಿ. ಮನೆ ನಲ್ಲಿಯಲ್ಲಿ ನೀರು ಬರದಿದ್ದರೆ ತೊಟ್ಟಿಯಿಂದ ಪೈಪು ಹಿಡಿದು ನೋಡುವುದಿಲ್ಲವಾ, ಹಾಗೆಯೇ.

ಲಕ್ಷಣ ನೋಡಿ ರೋಗ ಹೇಳುವುದು

ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದ ಕೂಡಲೇ ನಿಲ್ಲುತ್ತಿದ್ದರೆ ಕಾರ್ಬೊರೇಟರಿನ ಸಣ್ಣ ತೂತಿನಲ್ಲಿ ಕಸ ಕೂತಿರುವುದೇ ಹೆಚ್ಚು.

ಹತ್ತು ಹದಿನೈದು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತಿದ್ದರೆ ಟ್ಯಾಂಕಿನ ಮುಚ್ಚಳದ ಗಾಳಿ ತೂತು ನೋಡಿ. ಅದು ಕಟ್ಟಿದ್ದರೆ ಪೆಟ್ರೋಲು ಇಳಿಯುವುದಿಲ್ಲ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಸುರಿಯುವುದಿಲ್ಲವಲ್ಲ. ಮುಚ್ಚಳ ಸಡಿಲಿಸಿದಾಗ ಸರಿ ಓಡಿದರೆ ರೋಗ ಅದೇ. ಅಲ್ಲ ಅಂದರೆ ಕಿಡಿ ಕೊಡುವ ಕಾಯಿಲ್ ಬಿಸಿಗೆ ಕೈಕೊಡುತ್ತಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಹಗ್ಗ ಅಲುಗಾಡುವುದೇ ಇಲ್ಲ ಅಂದರೆ, ಮಿಷನ್ನನ್ನು ಟೆಂಪೋದಲ್ಲಿ ಮಲಗಿಸಿ ತಂದಿರಾ ಅಂತ ಕೇಳಿಕೊಳ್ಳಿ. ಮಲಗಿಸಿದರೆ ಆಯಿಲ್ ಪಿಸ್ಟನ್ನಿನ ಮೇಲಕ್ಕೆ ಸೇರಿಕೊಳ್ಳುತ್ತದೆ. ಬಲ ಹಾಕಬೇಡಿ. ಪ್ಲಗ್ ಬಿಚ್ಚಿ ನಿಧಾನವಾಗಿ ಹಗ್ಗ ಎಳೆದು ಆಯಿಲ್ ಹೊರಗೆ ತೆಗೆಯಿರಿ. ಆಮೇಲೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುತ್ತದೆ, ಹೆದರಬೇಡಿ. ಪ್ಲಗ್ ತೆಗೆದರೂ ಅಲುಗದಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ.

ಹಗ್ಗ ಬಿಗಿಯೇ ಇಲ್ಲದೆ ಸುಲಭವಾಗಿ ಬಂದರೆ ಒತ್ತಡ ಹೋಗಿದೆ. ಎಳೆಯುವಾಗ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹೊಡೆದರೆ, ಅಥವಾ ಮೊದಲಿಗಿಂತ ತುಂಬಾ ಗಟ್ಟಿಯಾಗಿದ್ದರೆ, ವಾಲ್ವ್ ಸಂದು ಹೆಚ್ಚುಕಡಿಮೆ ಆಗಿರಬಹುದು. ಎಳೆಯಲು ಸುಲಭವಾಗಲಿ ಅಂತ ಒತ್ತಡವನ್ನು ಒಂದು ಕ್ಷಣ ಬಿಡುವ ಏರ್ಪಾಡು ಎಂಜಿನ್ನಿನೊಳಗೇ ಇರುತ್ತದೆ. ಸಂದು ತಪ್ಪಿದರೆ ಅದು ಕೆಲಸ ಮಾಡುವುದಿಲ್ಲ. ಇವೆರಡೂ ಮೆಕ್ಯಾನಿಕ್ ಕೆಲಸ.

ಹೊರದೇಶಗಳಲ್ಲಿ ಮನೆ ಮುಂದಿನ ಹುಲ್ಲು ಕತ್ತರಿಸಲು ಕೂತು ಓಡಿಸುವ ಸಣ್ಣ ಗಾಡಿ ಇರುತ್ತದೆ. ಅದರ ಎಂಜಿನ್ನೂ ಇದೇ ಜಾತಿಯದು, ರೋಗಗಳೂ ಇವೇ. ಹಗ್ಗದ ಬದಲು ಬ್ಯಾಟರಿ ಇರುತ್ತದೆ, ಅಷ್ಟೇ. ನಿಮ್ಮ ಟಿಲ್ಲರಿಗೂ ಸೆಲ್ಫ್ ಸ್ಟಾರ್ಟ್ ಇದ್ದರೆ ಇದನ್ನು ನೆನಪಿಡಿ. ಕೀ ತಿರುಗಿಸಿದಾಗ ಬರೀ ಕಟ್ ಕಟ್ ಸದ್ದು ಬಂದರೆ, ಅಥವಾ ಎಂಜಿನ್ ನರಳುತ್ತಾ ತಿರುಗಿದರೆ, ಮೊದಲು ಬ್ಯಾಟರಿಯ ತುದಿಗಳನ್ನು ನೋಡಿ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೈನಸ್ ತಂತಿ ಮೊದಲು ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಉಪ್ಪು ಕಾಗದದಲ್ಲಿ ಉಜ್ಜಿ, ಗಟ್ಟಿಯಾಗಿ ಬಿಗಿಯಿರಿ. ಹಾಕುವಾಗ ಮೈನಸ್ ಕೊನೆಗೆ. ಆಮೇಲೂ ಹಾಗೇ ಇದ್ದರೆ ಬ್ಯಾಟರಿ ಚಾರ್ಜ್ ಮಾಡಿಸಿ. ಇದನ್ನು ಮಾಡದೆ ಸ್ಟಾರ್ಟರ್ ಮೋಟಾರು ಬದಲಾಯಿಸಲು ಒಪ್ಪಬೇಡಿ.

ಕೆ.ಆರ್.ನಗರದ ಗದ್ದೆ ಕಡೆಯ ಸಂಘಗಳಲ್ಲಿ ಡೀಸೆಲ್ ಟಿಲ್ಲರ್ ಇದೆ. ಅದಕ್ಕೆ ಪ್ಲಗ್ಗಿನ ಕಿಡಿ ಇಲ್ಲ, ಒತ್ತಡದ ಬಿಸಿಯಿಂದಲೇ ಡೀಸೆಲ್ ಹತ್ತಿಕೊಳ್ಳುತ್ತದೆ. ಟ್ಯಾಂಕ್ ಪೂರ್ತಿ ಖಾಲಿಯಾಗುವ ತನಕ ಓಡಿಸಿದರೆ ಪೈಪಿನೊಳಗೆ ಗಾಳಿ ಸೇರಿಕೊಂಡು, ಡೀಸೆಲ್ ತುಂಬಿದರೂ ಸ್ಟಾರ್ಟ್ ಆಗುವುದಿಲ್ಲ. ಆಗ ಗಾಳಿ ತೆಗೆಯುವ ತಿರುಪು ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಬಿಟ್ಟು ಬಿಗಿಯಬೇಕು.

ಭುಜಕ್ಕೆ ಹಾಕಿಕೊಳ್ಳುವ ಹುಲ್ಲು ಹೊಡೆಯುವ ಮಿಷನ್ನುಗಳಲ್ಲಿ ಹಲವು ಟೂ ಸ್ಟ್ರೋಕ್. ಅವಕ್ಕೆ ಪೆಟ್ರೋಲಿನಲ್ಲೇ ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು. 50ಕ್ಕೆ 1 ಅಂತ ಬರೆದಿದ್ದರೆ ಒಂದು ಲೀಟರಿಗೆ 20 ಎಂ.ಎಲ್., 25ಕ್ಕೆ 1 ಅಂದರೆ 40 ಎಂ.ಎಲ್. ಬೆರೆಸಿದ ಕ್ಯಾನಿನ ಮೇಲೆ ದೊಡ್ಡದಾಗಿ ಬರೆದಿಡಿ. ಆಯಿಲ್ ಇಲ್ಲದ ಪೆಟ್ರೋಲು ಹಾಕಿದರೆ ಆ ಎಂಜಿನ್ ಒಂದೇ ದಿನದಲ್ಲಿ ಕಚ್ಚಿಕೊಳ್ಳುತ್ತದೆ.

ಸುಗ್ಗಿ ಮುಗಿದ ಮೇಲೆ

ಆಯುಧ ಪೂಜೆಯ ದಿನ ಮಿಷನ್ನಿಗೆ ಕುಂಕುಮ ಇಡುತ್ತೇವೆ, ಹೂ ಹಾಕುತ್ತೇವೆ, ನಿಂಬೆಹಣ್ಣು ಇಡುತ್ತೇವೆ. ಬಹಳ ಒಳ್ಳೆಯದು. ದುಡಿಯುವ ವಸ್ತುವಿಗೆ ಗೌರವ ಕೊಡುವುದು ನಮ್ಮ ನಾಡಿನ ಸಂಸ್ಕಾರ. ಅದೇ ದಿನ ಫಿಲ್ಟರನ್ನೂ ತೊಳೆದು, ಆಯಿಲನ್ನೂ ನೋಡಿದರೆ ಪೂಜೆ ಪೂರ್ತಿಯಾಗುತ್ತದೆ.

ಒಂದು ತಿಂಗಳಿಗಿಂತ ಹೆಚ್ಚು ಓಡಿಸುವುದಿಲ್ಲ ಅಂತಿದ್ದರೆ, ಟ್ಯಾಂಕಿನ ಪೆಟ್ರೋಲು ತೆಗೆದು ಯಾರದಾದರೂ ಬೈಕಿಗೆ ಹಾಕಿ ದುಡ್ಡು ಜಮಾ ಮಾಡಿ. ಕಾಕ್ ಮುಚ್ಚಿ, ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ. ಆಗ ಕಾರ್ಬೊರೇಟರಿನಲ್ಲಿ ಉಳಿದದ್ದು ಖಾಲಿಯಾಗಿ, ಅಂಟು ಕಟ್ಟುವುದಿಲ್ಲ. ಮಣ್ಣು ತೊಳೆದು, ಒಣಗಿಸಿ, ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಗೋಣಿಚೀಲ ಮುಚ್ಚಿ. ಸೌದೆ ಒಲೆಯ ಹತ್ತಿರ ಬೇಡವೇ ಬೇಡ. ಹೊಸ ಮಿಷನ್ನಿಗೆ ಮೊದಲ 20 ಗಂಟೆಗೆ ಆಯಿಲ್ ಬದಲಾಯಿಸಿ, ಆಮೇಲೆ 100 ಗಂಟೆಗೆ ಅಥವಾ ಆರು ತಿಂಗಳಿಗೆ ಒಮ್ಮೆ. ಇದು ಇಂಥ ಪೆಟ್ರೋಲ್ ಎಂಜಿನ್ನುಗಳ ಸಾಮಾನ್ಯ ಲೆಕ್ಕ. ನಿಮ್ಮದರ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ಪಾಲಿಸಿ.

ಸಂಘ ಮಾಡಬೇಕಾದದ್ದು

ಒಂದು: ಮಿಷನ್ನಿಗೂ ಒಂದು ಪುಸ್ತಕ ಇಡಿ. ಯಾವ ದಿನ, ಯಾರ ಹೊಲ, ಎಷ್ಟು ಗಂಟೆ, ಎಷ್ಟು ಪೆಟ್ರೋಲು, ಏನು ರಿಪೇರಿ, ಯಾರು ಓಡಿಸಿದರು. ಎಳೆ ಮಗುವಿಗೆ ಚುಚ್ಚುಮದ್ದಿನ ಕಾರ್ಡು ಇದ್ದ ಹಾಗೆ.

ಎರಡು: ಬಾಡಿಗೆ ಬಂದ ದಿನವೇ ಒಂದು ಪಾಲು ರಿಪೇರಿ ನಿಧಿಗೆ ತೆಗೆದಿಡಿ. ದಿನಕ್ಕೆ 800 ರೂಪಾಯಿ ಬಾಡಿಗೆ ಅಂತ ಇಟ್ಟುಕೊಳ್ಳೋಣ. ಎಂಟು ದಿನ ಮಿಷನ್ನು ನಿಂತರೆ 6,400 ಹೋಯಿತು. ದಿನಕ್ಕೆ 50 ರೂಪಾಯಿ ತೆಗೆದಿಟ್ಟರೆ 40 ದಿನಕ್ಕೆ 2,000 ಆಗುತ್ತದೆ. ಪ್ಲಗ್ಗು, ಫಿಲ್ಟರು, ಆಯಿಲು ಅದರಲ್ಲೇ ಆಗುತ್ತದೆ.

ಮೂರು: ಕನಿಷ್ಠ ಇಬ್ಬರು ಕಲಿಯಿರಿ. ಒಬ್ಬಳೇ ಕಲಿತರೆ ಕೆಲಸವೂ ಅವಳದೇ, ಬೈಗುಳವೂ ಅವಳದೇ ಆಗುತ್ತದೆ.

ನಾಲ್ಕು: ಮೆಕ್ಯಾನಿಕ್ ಬಂದಾಗ ಪಕ್ಕದಲ್ಲಿ ನಿಂತು ನೋಡಿ, ಕೇಳಿ. ತೆಗೆದ ಹಳೆ ಸಾಮಾನು ವಾಪಸ್ ಕೇಳಿ, ರಸೀದಿ ಕೇಳಿ. ಒಳ್ಳೆ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ. ಅವನಿಗೂ ತಿಳಿದವರ ಜೊತೆ ಕೆಲಸ ಮಾಡುವುದು ಸುಲಭ.

ಐದು: ಮಿಷನ್ನು ನಿಂತ ದಿನ ಯಾರ ಮೇಲೂ ತಪ್ಪು ಹೊರಿಸಬಾರದು ಅಂತ ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಿ. ಮೊದಲು ಐದು ನೋಡೋಣ, ಆಮೇಲೆ ಮೂರು ನೋಡೋಣ, ಆಮೇಲೆ ಮೆಕ್ಯಾನಿಕ್. ಇದೇ ಕ್ರಮ.

ನಾವು ಹೇಳಿದ ಆ ಸಂಘದವರು ಇದನ್ನೇ ಮಾಡಿದರು. ಚುಚ್ಚುಮಾತು ಆಡಿದ ತಾಯಿ ಒಂದು ದಿನ ಸಭೆಯಲ್ಲಿ ಎದ್ದು ನಿಂತು, ‘ನಾ ಹಂಗನ್ನಬಾರದಿತ್ತು ಕಣವ್ವ’ ಅಂದರು. ಆ ಚಿಕ್ಕ ತಾಯಿ ಏನೂ ಹೇಳಲಿಲ್ಲ. ಮುಂದಿನ ವಾರ ಪಾಸ್ ಪುಸ್ತಕ ತಂದು ಮೇಜಿನ ಮೇಲೆ ಇಟ್ಟಳು. ಈಗ ಅವಳ ಜೊತೆ ಮಿಷನ್ನು ಓಡಿಸಲು ಕಲಿಯುತ್ತಿರುವ ಎರಡನೆಯವರು ಯಾರು ಗೊತ್ತಾ? ಅದೇ ಮಾತಾಡಿದ ತಾಯಿ.

ಯೇಸುಸ್ವಾಮಿ ಹೇಳಿದ ಹತ್ತು ಕನ್ಯೆಯರ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಹತ್ತೂ ಜನರ ಕೈಯಲ್ಲಿ ದೀಪ ಇತ್ತು. ಐದು ಜನ ಮಾತ್ರ ಎಣ್ಣೆಯನ್ನೂ ಜೊತೆಗೆ ತಂದಿದ್ದರು. ಮದುಮಗ ಬಂದ ಹೊತ್ತಿಗೆ ಅವರ ದೀಪ ಉರಿಯುತ್ತಿತ್ತು. ಮಳೆ ಬಿದ್ದು ಕಳೆ ಎದ್ದ ದಿನ ನಮ್ಮ ಮಿಷನ್ನು ಉರಿಯಬೇಕಾದರೆ ಮುಂಚೆಯೇ ತಯಾರಿರಬೇಕು. ಯಾವ ಧರ್ಮದವರಿಗೂ ಈ ಮಾತು ಒಪ್ಪುತ್ತದೆ.

ಊಟ ಆದ ಮೇಲೆ ಹೊರಗೆ ಮರದ ನೆರಳಿಗೆ ಬನ್ನಿ. ಒಂದು ಕಳೆ ಮಿಷನ್ನು ತರಿಸಿದ್ದೇವೆ. ಅದು ಸ್ಟಾರ್ಟ್ ಆಗುವುದಿಲ್ಲ, ಬೇಕೆಂದೇ ಏನೋ ಒಂದು ತಪ್ಪು ಮಾಡಿಟ್ಟಿದ್ದೇವೆ. ಏನು ಅಂತ ನೀವೇ ಹುಡುಕಬೇಕು. ಯಾರೂ ಮೊದಲೇ ಹಗ್ಗ ಎಳೆಯಬೇಡಿ.

ದೇವರು ನಿಮ್ಮನ್ನೂ ನಿಮ್ಮ ಕೈಕೆಲಸವನ್ನೂ ಆಶೀರ್ವದಿಸಲಿ.